ಒಂದು ಹೋರಿಗಾಗಿ ಯುದ್ಧ, ಒಬ್ಬ ಬಸುರಿಯ ಶಾಪ

ಐರ್ಲೆಂಡ್ ದೇಶದ ಅತಿ ದೊಡ್ಡ ವೀರಗಾಥೆ ಶುರುವಾಗುವುದು ರಣರಂಗದಲ್ಲಲ್ಲ, ಗಂಡ ಹೆಂಡತಿ ಮಲಗುವ ಮಂಚದ ಮೇಲೆ.

ರಾಣಿ ಮೇವ್ ಮತ್ತು ಅವಳ ಗಂಡ ಆಲಿಲ್ ರಾತ್ರಿ ಮಲಗಿ ಮಾತಾಡುತ್ತಿದ್ದಾರೆ. ಗಂಡ ಸುಮ್ಮನಿರಲಾರದೆ, ನನ್ನನ್ನು ಕಟ್ಟಿಕೊಂಡ ಮೇಲೆ ನಿನ್ನ ಸ್ಥಿತಿ ಎಷ್ಟೋ ಸುಧಾರಿಸಿತು ಅನ್ನುತ್ತಾನೆ. ಅವಳು ಬಿಡುತ್ತಾಳೆಯೇ? ನೀನು ಬರುವ ಮೊದಲೇ ನಾನು ಚೆನ್ನಾಗಿದ್ದೆ ಅನ್ನುತ್ತಾಳೆ. ಮಾತಿಗೆ ಮಾತು ಬೆಳೆದು, ಇಬ್ಬರೂ ತಮ್ಮ ತಮ್ಮ ಆಸ್ತಿಯನ್ನು ತರಿಸಿ ಎಣಿಸಲು ಕೂರುತ್ತಾರೆ. ಮೊದಲು ಪಾತ್ರೆ ಪಗಡ. ಆಮೇಲೆ ಒಡವೆ, ಬಟ್ಟೆ. ಆಮೇಲೆ ಕುರಿ, ಕುದುರೆ, ಹಂದಿ, ದನ. ಎಲ್ಲವೂ ಸರಿಸಮ. ಒಂದೇ ಒಂದು ವ್ಯತ್ಯಾಸ: ಗಂಡನ ಹಿಂಡಿನಲ್ಲಿ ಒಂದು ಬಿಳಿಕೊಂಬಿನ ಹೋರಿ ಇದೆ. ಅದಕ್ಕೆ ಸಮನಾದದ್ದು ರಾಣಿಯ ಬಳಿ ಇಲ್ಲ. ತಮಾಷೆ ಎಂದರೆ ಆ ಹೋರಿ ಹುಟ್ಟಿದ್ದು ರಾಣಿಯ ಹಸುವಿಗೇ. ಹೆಂಗಸಿನ ಸೊತ್ತಾಗಿ ಇರುವುದು ಅವಮಾನವೆಂದು ಅದು ರಾಜನ ಹಿಂಡಿಗೆ ಹೋಗಿ ಸೇರಿಕೊಂಡಿತ್ತಂತೆ. ಹೋರಿಗೂ ಗಂಡಸಿನ ಗರ್ವ!

ಈ ಕಥೆಯ ಹೆಸರು ‘ತಾಯಿನ್ ಬೋ ಕೂಲ್ನ್ಯ’. ಕೂಲಿ ಎಂಬ ಸೀಮೆಯ ದನ ಹೊಡೆದುಕೊಂಡು ಹೋದದ್ದು ಎಂದು ಅರ್ಥ. (ಈ ಕೂಲಿಗೂ ನಾವು ಹೋಗುವ ಕೂಲಿಗೂ ಸಂಬಂಧವಿಲ್ಲ. ಅದು ಐರ್ಲೆಂಡಿನ ಪೂರ್ವ ಕರಾವಳಿಯ ಒಂದು ಜಾಗದ ಹೆಸರು.) ನಮ್ಮ ಬಳಗದಲ್ಲಿ ಒಬ್ಬರು ಇದನ್ನು ಇಂಗ್ಲಿಷ್ ಅನುವಾದದಲ್ಲಿ ಓದಿ ಮಿಕ್ಕವರಿಗೆ ಕಳಿಸಿದಾಗ, ಪರದೇಶದ ದೇವರು ದಿಂಡರ ಕಥೆ ನಮಗೇಕೆ ಅಂದುಕೊಂಡೇ ತೆರೆದೆವು. ಮೊದಲ ಪುಟದಲ್ಲೇ ದನದ ಲೆಕ್ಕ ಬಂತು. ನಮ್ಮ ಹಳೆಯ ಶಾಸನಗಳಲ್ಲೂ ‘ತುರುಗೊಳ್’ ಎಂಬ ಮಾತಿದೆ. ತುರು ಎಂದರೆ ದನ. ಊರ ಮುಂದೆ ನಿಂತಿರುವ ಎಷ್ಟೋ ವೀರಗಲ್ಲುಗಳು, ಕದ್ದೊಯ್ದ ದನಗಳನ್ನು ಬಿಡಿಸಲು ಹೋಗಿ ಸತ್ತವರವು. ಹಾಗಾಗಿ ಮುಂದೆ ಓದುವುದು ಕಷ್ಟವಾಗಲಿಲ್ಲ.

ಒಂದು ಹೋರಿ ಕಡಿಮೆಯಾದರೆ ಏನು ಮಹಾ ಎಂದು ಅನ್ನಿಸಬಹುದು. ಆದರೆ ಹಳೆಯ ಐರಿಷ್ ಕಾನೂನಿನಲ್ಲಿ ಮದುವೆಗಳಿಗೆ ಬೇರೆ ಬೇರೆ ದರ್ಜೆ ಇದ್ದವು. ಗಂಡ ಹೆಂಡತಿ ಸಮನಾಗಿ ಆಸ್ತಿ ತಂದಿದ್ದರೆ ಮನೆಯ ವ್ಯವಹಾರದಲ್ಲಿ ಇಬ್ಬರ ಮಾತೂ ನಡೆಯಬೇಕು. ಒಬ್ಬರದು ಹೆಚ್ಚಾದರೆ ಅವರ ಕೈ ಮೇಲು. ನಾಣ್ಯದ ಬಳಕೆ ಬರುವ ಮೊದಲಿನ ಆ ನಾಡಿನಲ್ಲಿ ಕರೆಯುವ ಹಸುವೇ ಬೆಲೆಯ ಅಳತೆ. ಒಬ್ಬನ ಮಾನಕ್ಕೆ ಕುಂದು ತಂದರೆ ಕೊಡಬೇಕಾದ ದಂಡವನ್ನೂ ಹಸುವಿನ ಲೆಕ್ಕದಲ್ಲೇ ಹೇಳುತ್ತಿದ್ದರು. ಅಂದಮೇಲೆ ಮೇವ್‌ಗೆ ಕಡಿಮೆಬಿದ್ದದ್ದು ಹೋರಿ ಮಾತ್ರವಲ್ಲ, ಮನೆಯೊಳಗಿನ ಅವಳ ಮಾತು.

ಅವಳು ದೂತರನ್ನು ಕರೆದು, ಅಂಥದೇ ಹೋರಿ ಎಲ್ಲಿದೆ ಎಂದು ಕೇಳಿದಳು. ಪಕ್ಕದ ಅಲ್ಸ್ಟರ್ ರಾಜ್ಯದ ಕೂಲಿ ಸೀಮೆಯಲ್ಲಿ ಡಾರಾ ಎಂಬವನ ಬಳಿ ಒಂದು ಕಂದು ಹೋರಿ ಇದೆ ಎಂದು ತಿಳಿಯಿತು. ರಾಣಿ ಹೇಳಿ ಕಳಿಸಿದ ಷರತ್ತು ನೋಡಿ: ಹೋರಿಯನ್ನು ಒಂದು ವರ್ಷದ ಮಟ್ಟಿಗೆ ಕೊಟ್ಟರೆ ಸಾಕು, ಜೊತೆಗೆ 50 ಕಡಸು ಕೊಟ್ಟು ವಾಪಸು ಕಳಿಸುತ್ತೇನೆ. ಹೋರಿಯ ಹಿಂದೆ ಅವನೂ ಬಂದರೆ ಅವನ ಜಮೀನಿನಷ್ಟೇ ಜಮೀನು, ಒಂದು ರಥ, ಬೇಕಾದರೆ ತನ್ನ ಸಂಗವೂ ಉಂಟು. ಡಾರಾಗೆ ಎಷ್ಟು ಖುಷಿಯಾಯಿತೆಂದರೆ, ಅವನು ಕುಣಿದಾಡಿದ ರಭಸಕ್ಕೆ ಕೂತಿದ್ದ ಹಾಸಿಗೆಯ ಹೊಲಿಗೆ ಬಿಟ್ಟುಹೋಯಿತಂತೆ. ಇಂಥ ವಿವರಗಳಿಗಾಗಿಯೇ ನಾವು ಈ ಕಥೆಯನ್ನು ಎರಡು ಸಲ ಓದಿದ್ದು.

ಆ ರಥದ ಬೆಲೆಯನ್ನು ಕಥೆ ಹೇಳುವ ರೀತಿ ಮಾತ್ರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅದು ‘ಮೂರೇಳು ದಾಸಿಯರ’ ಬೆಲೆಯ ರಥ. ಹಸುವಿನ ಹಾಗೆ ದಾಸಿಯೂ ಅಲ್ಲಿ ಒಂದು ಅಳತೆ. ಮನೆಯಲ್ಲಿ ತನ್ನ ಮಾತು ನಡೆಯಬೇಕೆಂದು ಯುದ್ಧಕ್ಕೂ ಸಿದ್ಧಳಾದ ಹೆಂಗಸು, 21 ಹೆಂಗಸರ ಬೆಲೆಯ ವಸ್ತುವನ್ನು ಯೋಚನೆಯಿಲ್ಲದೆ ಎತ್ತಿ ಕೊಡುತ್ತಾಳೆ.

ವ್ಯವಹಾರ ಕುದುರಿತ್ತು. ಕೆಡಿಸಿದ್ದು ಕುಡಿತ. ಆ ರಾತ್ರಿ ಡಾರಾನ ಮನೆಯಲ್ಲಿ ಉಂಡು ಕುಡಿದ ದೂತರಲ್ಲಿ ಒಬ್ಬ, ಇವನು ಕೊಡದಿದ್ದರೆ ಕಸಿದುಕೊಂಡು ಹೋಗುತ್ತಿದ್ದೆವು ಎಂದು ನಾಲಗೆ ಹರಿಯಬಿಟ್ಟ. ಅದು ಮನೆಯ ಯಜಮಾನನ ಕಿವಿಗೆ ಬಿತ್ತು. ಬೆಳಗ್ಗೆ ಹೋರಿ ಇಲ್ಲ ಅಂದ. ಮೇವ್ ದಂಡು ಕಟ್ಟಿಕೊಂಡು ಹೊರಟಳು.

ಈ ಭಾಗವನ್ನು ನಮ್ಮಲ್ಲೊಬ್ಬರ ಊರಿನ ಹಾಲಿನ ಡೇರಿ ಮುಂದೆ ಹೇಳಿದಾಗ, ಕ್ಯಾನು ಹಿಡಿದು ನಿಂತಿದ್ದವರಿಗೆಲ್ಲ ನಗು. “ಅರ್ಧ ವ್ಯಾಜ್ಯ ಹಿಂಗೇ ಶುರುವಾಗದು ಬುಡಿ” ಅಂದರು ಒಬ್ಬರು. ಕಡಸಿನ ಲೆಕ್ಕ ಹಾಕಿ, 50 ಜಾಸ್ತಿಯಾಯಿತು ಎಂದವರೂ ಇದ್ದರು. ಮುಂದಿನ ಭಾಗಕ್ಕೆ ಯಾರೂ ನಗಲಿಲ್ಲ.

ಮೇವ್‌ಳ ದಂಡು ಬಂದಾಗ ಅಲ್ಸ್ಟರಿನ ಗಂಡಸರು ಯಾರೂ ಏಳುವ ಸ್ಥಿತಿಯಲ್ಲಿರಲಿಲ್ಲ. ಅವರಿಗೆ ಹೆರಿಗೆ ನೋವು ಬಂದಿತ್ತು. ಹೌದು, ಗಂಡಸರಿಗೆ. ಅದಕ್ಕೊಂದು ಹಿಂದಿನ ಕಥೆ ಇದೆ.

ಹೆಂಡತಿ ಸತ್ತ ಒಬ್ಬ ರೈತನ ಮನೆಗೆ ಒಂದು ದಿನ ಒಬ್ಬ ಹೆಂಗಸು ಬಂದಳು. ಯಾರನ್ನೂ ಏನೂ ಕೇಳದೆ ಒಲೆ ಹೊತ್ತಿಸಿದಳು, ಹಿಟ್ಟು ಕಲಸಿದಳು, ಹಾಲು ಕರೆದಳು. ಅವನ ಜೊತೆ ಉಳಿದಳು. ಮನೆ ತುಂಬಿತು, ಅವಳಿಗೆ ಬಸುರೂ ನಿಂತಿತು. ಅವಳ ಹೆಸರು ಮಾಖಾ. ಐರಿಷರು ಅವಳನ್ನು ದೇವತೆಯರಲ್ಲಿ ಎಣಿಸುತ್ತಾರೆ. ಒಮ್ಮೆ ಗಂಡ ಜಾತ್ರೆಗೆ ಹೊರಟಾಗ, ನನ್ನ ವಿಷಯ ಅಲ್ಲಿ ಬಾಯಿಬಿಡಬೇಡ ಎಂದು ಹೇಳಿಕಳಿಸಿದಳು. ಜಾತ್ರೆಯಲ್ಲಿ ರಾಜನ ಕುದುರೆಗಳು ಓಟದಲ್ಲಿ ಗೆದ್ದವು. ಜನ ಹೊಗಳುವುದನ್ನು ಕೇಳಿ ಇವನಿಗೆ ತಡೆಯಲಾಗಲಿಲ್ಲ. ನನ್ನ ಹೆಂಡತಿ ಇವಕ್ಕಿಂತ ಜೋರಾಗಿ ಓಡುತ್ತಾಳೆ ಅಂದುಬಿಟ್ಟ. ರಾಜ ಅವನನ್ನು ಹಿಡಿಸಿ, ಹೆಂಡತಿಯನ್ನು ಕರೆತರಲು ಆಳು ಕಳಿಸಿದ. ಅವಳಿಗೆ ದಿನ ತುಂಬಿತ್ತು. ಹೆರಿಗೆ ಆಗುವವರೆಗಾದರೂ ತಡೆಯಿರಿ ಎಂದು ಕೇಳಿದಳು. ನಿಮ್ಮನ್ನೂ ಒಬ್ಬ ತಾಯಿಯೇ ಹೆತ್ತಿದ್ದಾಳೆ ಎಂದು ಸುತ್ತ ನಿಂತ ಗಂಡಸರ ಕಡೆ ತಿರುಗಿ ಬೇಡಿಕೊಂಡಳು. ಓಡದಿದ್ದರೆ ನಿನ್ನ ಗಂಡನ ತಲೆ ಹೋಗುತ್ತದೆ ಎಂದರು.

ಅವಳು ಓಡಿದಳು. ಕುದುರೆಗಳಿಗಿಂತ ಮೊದಲು ಗುರಿ ಮುಟ್ಟಿದಳು. ಅಲ್ಲೇ ನೆಲದ ಮೇಲೆ ಒಂದು ಗಂಡು, ಒಂದು ಹೆಣ್ಣು, ಅವಳಿ ಮಕ್ಕಳನ್ನು ಹೆತ್ತಳು. ಹೆರುವಾಗ ಕೂಗಿದ ಕೂಗು ಯಾರ್‍ಯಾರ ಕಿವಿಗೆ ಬಿತ್ತೋ ಅವರಿಗೆಲ್ಲ, ಕಷ್ಟ ಬಂದ ಹೊತ್ತಿನಲ್ಲೇ, ಐದು ಹಗಲು ನಾಲ್ಕು ರಾತ್ರಿ ಹೆರಿಗೆ ನೋವು ಬರಲಿ, ಒಂಬತ್ತು ತಲೆಮಾರು ಬರಲಿ ಎಂದು ಶಾಪ ಕೊಟ್ಟಳು. ಅಲ್ಸ್ಟರ್ ರಾಜಧಾನಿಯ ಹೆಸರು ಎಮನ್ ಮಾಖಾ, ಅಂದರೆ ಮಾಖಾಳ ಅವಳಿಗಳು. ಇಂದಿಗೂ ಆರ್ಮಾ ಪಟ್ಟಣದ ಹತ್ತಿರ ಆ ದಿಬ್ಬ ಇದೆ.

ಡೇರಿ ಕಟ್ಟೆಯ ತುದಿಯಲ್ಲಿ ಕೂತಿದ್ದ ಒಬ್ಬ ಅಜ್ಜಿ ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ.

“ಓಡ್ಸೇ ಬುಟ್ರಾ?” ಎಂದು ಕೇಳಿದರು.

“ಹೂಂ ಅಜ್ಜಿ.”

“ಅಲ್ಲಾ ಕನ ಮಗ, ಅಷ್ಟೊಂದು ಜನ್ದಲ್ಲಿ ಒಬ್ಬನ್ಗಾದ್ರೂ ಬ್ಯಾಡ ಅನ್ನಕೆ ಬಾಯಿರ್ಲಿಲ್ವಾ?”

ಆಮೇಲೆ ಜನ ಚದುರಿದ ಮೇಲೆ ಅವರೇ ನಮಗೊಂದು ಸಂಗತಿ ಹೇಳಿದರು. ಕಳೆ ಕೀಳುವ ಕೂಲಿಗೆ ಹೋಗಿದ್ದ ಒಬ್ಬ ತುಂಬಿದ ಬಸುರಿಯದು. ನೋವು ಶುರುವಾಯಿತು ಅಂದರೆ, ಈ ಸಾಲು ಮುಗಿಸಿ ಹೋಗು ಅಂದ ಗದ್ದೆಯ ಯಜಮಾನನದು. ಇಷ್ಟನ್ನು ಬರೆಯಲು ಮಾತ್ರ ಅಜ್ಜಿ ಒಪ್ಪಿದ್ದಾರೆ. “ಊರು, ಹೆಸ್ರು, ಆಮ್ಯಾಕೇನಾಯ್ತು ಅನ್ನದು ಬ್ಯಾಡ. ಅವ್ರ ಮಕ್ಳು ಈಗ್ಲೂ ಇದೇ ಬೀದೀಲವ್ರೆ.”

ಇರಲಿ. ಗಂಡಸರೆಲ್ಲ ಮಲಗಿದ್ದಾಗ ಅಲ್ಸ್ಟರನ್ನು ಕಾಯಲು ಉಳಿದವನು ಒಬ್ಬನೇ, 17 ವರ್ಷದ ಕೂಹುಲಿನ್. ಶಾಪ ಅವನಿಗೆ ತಟ್ಟಿರಲಿಲ್ಲ. ಅವನ ತಂದೆ ಲೂ ಎಂಬ ದೇವರು ಎನ್ನುತ್ತಾರೆ. ಹುಟ್ಟು ಹೆಸರು ಸೆತಾಂತಾ. ಏಳು ವರ್ಷವೂ ತುಂಬದ ಹುಡುಗನಾಗಿದ್ದಾಗ, ಕುಲನ್ ಎಂಬ ಕಮ್ಮಾರನ ಕಾವಲು ನಾಯಿ ಮೇಲೆ ಎರಗಿತು. ಕೈಯಲ್ಲಿದ್ದ ಚೆಂಡನ್ನು ಅದರ ಗಂಟಲಿಗೆ ಹೊಡೆದು ಕೊಂದ. (ಕೋಲಿನಿಂದ ಚೆಂಡು ಹೊಡೆಯುವ ಹರ್ಲಿಂಗ್ ಆಟವನ್ನು ಐರ್ಲೆಂಡಿನ ಹಳ್ಳಿಗಳಲ್ಲಿ ಈಗಲೂ ಆಡುತ್ತಾರೆ.) ನಾಯಿ ಸತ್ತಿತು, ಇನ್ನು ನನ್ನ ದನಕರುಗಳನ್ನು ಕಾಯುವವರು ಯಾರು ಎಂದು ಕಮ್ಮಾರ ಗೋಳಾಡಿದ. ಹುಡುಗ, ಅದೇ ತಳಿಯ ಮರಿ ಬೆಳೆಯುವವರೆಗೆ ನಾನೇ ನಿನ್ನ ನಾಯಿಯಾಗಿ ಕಾಯುತ್ತೇನೆ ಅಂದ. ಕೂಹುಲಿನ್ ಎಂದರೆ ಕುಲನ್ನನ ನಾಯಿ. ಒಂದು ದೇಶದ ಮಹಾವೀರನಿಗೆ ನಾಯಿಯ ಹೆಸರು, ಅದೂ ಅವನೇ ಒಪ್ಪಿ ಇಟ್ಟುಕೊಂಡದ್ದು.

ಅವನು ಹೊಳೆ ದಾಟುವ ಕಡವಿನಲ್ಲಿ ನಿಂತು ದಿನಕ್ಕೊಬ್ಬನ ಜೊತೆ ಕಾದಾಡಿದ. ಮೇವ್ ಇದಕ್ಕೆ ಒಪ್ಪಿದ್ದು ಲೆಕ್ಕ ಹಾಕಿಯೇ: ಹಾಗೆಯೇ ಬಿಟ್ಟರೆ ರಾತ್ರಿಗೆ ನೂರು ಜನರನ್ನು ಕೊಲ್ಲುತ್ತಾನೆ, ಇದರಲ್ಲಿ ದಿನಕ್ಕೊಬ್ಬ ಮಾತ್ರ ಹೋಗುತ್ತಾನೆ. ಎಲ್ಲ ಕಾಳಗಗಳನ್ನೂ ಹೇಳುವುದಿಲ್ಲ. ಎರಡು ಸಂಗತಿ ಸಾಕು.

ಒಂದು, ಯುದ್ಧದೇವತೆ ಮೊರಿಗನ್ ಚೆಲುವೆಯಾಗಿ ಬಂದು ಅವನನ್ನು ಬಯಸಿದ್ದು. ನನಗೆ ಪುರಸೊತ್ತಿಲ್ಲ ಹೋಗು ಎಂದ. ಅವಳು ಹಾವುಮೀನಾಗಿ, ತೋಳವಾಗಿ, ಕಡಸಾಗಿ ಕಾಳಗದ ನಡುವೆ ಬಂದು ಕಾಡಿದಳು. ಮೂರು ಸಲವೂ ಗಾಯ ಮಾಡಿದ. ಅವನು ಮಾಡಿದ ಗಾಯ ಅವನೇ ಹರಸದೆ ಮಾಯುವುದಿಲ್ಲ. ಆಮೇಲೆ ಅವನು ದಣಿದು ಬಾಯಾರಿ ಬಿದ್ದಿದ್ದಾಗ, ಒಬ್ಬ ಮುದುಕಿ ಮೂರು ಮೊಲೆಯ ಹಸುವನ್ನು ಕರೆಯುತ್ತಾ ಕೂತಿದ್ದಳು. ಹಾಲು ಕೇಳಿದ, ಕೊಟ್ಟಳು. ಕುಡಿದವನು ಒಳ್ಳೆಯದಾಗಲಿ ಎಂದ. ಒಂದು ಗಾಯ ಮಾಯಿತು. ಮತ್ತೆ ಕೊಟ್ಟಳು, ಮತ್ತೆ ಹರಸಿದ. ಮೂರು ಮೊಲೆಯ ಹಾಲಿಗೆ ಮೂರು ಗಾಯ ಮಾಯಿತು. ಅವಳು ಯಾರೆಂದು ಗೊತ್ತಾದ ಮೇಲೆ, ತಿಳಿದಿದ್ದರೆ ಹರಸುತ್ತಿರಲಿಲ್ಲ ಎಂದು ಗೊಣಗಿದ. ಹಾಲು ಕೊಟ್ಟವರಿಗೆ ಬಾಯಿತುಂಬ ಹರಸುವ ಅಭ್ಯಾಸವನ್ನೇ ಹಿಡಿದು ದೇವತೆ ತನ್ನ ಕೆಲಸ ಮಾಡಿಸಿಕೊಂಡಳು.

ಎರಡು, ಫರ್ಡಿಯಾ. ಕೂಹುಲಿನ್ ಜೊತೆ ಒಂದೇ ಗುರುವಿನ ಬಳಿ, ಸ್ಕಾಹಾ ಎಂಬ ಹೆಣ್ಣುಗುರುವಿನ ಬಳಿ, ವಿದ್ಯೆ ಕಲಿತವನು. ಒಡಹುಟ್ಟಿದವನಂತೆ ಇದ್ದವನು. ಮೇವ್ ಅವನಿಗೆ ಮಗಳನ್ನು ಕೊಡುತ್ತೇನೆಂದು ಆಸೆ ತೋರಿಸಿದಳು. ಹೋಗದಿದ್ದರೆ ಕವಿಗಳಿಂದ ನಿಂದೆ ಹಾಡಿಸುತ್ತೇನೆ ಎಂದು ಹೆದರಿಸಿದಳು. ಕವಿಯ ನಿಂದೆಗೆ ಮುಖದ ಮೇಲೆ ಬೊಕ್ಕೆ ಏಳುತ್ತದೆ ಎಂದು ಅಲ್ಲಿ ನಂಬಿಕೆ. ಗೆಳೆಯರಿಬ್ಬರೂ ಹಗಲೆಲ್ಲ ಹೊಡೆದಾಡಿದರು. ರಾತ್ರಿಯಾದರೆ ಕೂಹುಲಿನ್ ತನ್ನ ಗಾಯಕ್ಕೆ ಹಾಕಿದ ಸೊಪ್ಪಿನ ಮದ್ದಿನಲ್ಲಿ ಅರ್ಧ ಅವನಿಗೆ ಕಳಿಸುತ್ತಿದ್ದ. ಫರ್ಡಿಯಾ ತನಗೆ ಬಂದ ಊಟದಲ್ಲಿ ಅರ್ಧ ಇವನಿಗೆ ಕಳಿಸುತ್ತಿದ್ದ. ಕುದುರೆಗಳು ಒಂದೇ ಕಡೆ ಮೇಯುತ್ತಿದ್ದವು. ಕೊನೆಗೆ ಕೂಹುಲಿನ್ ತನ್ನೊಬ್ಬನಿಗೇ ಗೊತ್ತಿದ್ದ ಆಯುಧದಿಂದ ಅವನನ್ನು ಕೊಂದ. ಹೆಣವನ್ನು ಹೊತ್ತು ತನ್ನ ದಡಕ್ಕೆ ತಂದು ಅತ್ತ. ಆರ್ಡೀ ಎಂಬ ಊರಿನ ಐರಿಷ್ ಹೆಸರಿನ ಅರ್ಥವೇ ಫರ್ಡಿಯಾನ ಕಡವು.

ಇಷ್ಟೆಲ್ಲ ಆದಮೇಲೆ ಆ ಹೋರಿಯ ಗತಿ ಏನಾಯಿತು? ಮೇವ್ ಸೋತು ಹಿಂದಿರುಗಿದರೂ ಕಂದು ಹೋರಿಯನ್ನು ಮಾತ್ರ ಮೊದಲೇ ಸಾಗಿಸಿದ್ದಳು. ಅಲ್ಲಿ ಅದು ಬಿಳಿಕೊಂಬಿನ ಹೋರಿಯನ್ನು ಕಂಡು ಹಾಯಿತು. ರಾತ್ರಿಯೆಲ್ಲ ಎರಡೂ ಐರ್ಲೆಂಡನ್ನೇ ಸುತ್ತಿ ಗುದ್ದಾಡಿದವು. ಬೆಳಗ್ಗೆ ಕಂದು ಹೋರಿಯ ಕೊಂಬಿನಲ್ಲಿ ಇನ್ನೊಂದರ ಮಾಂಸ ನೇತಾಡುತ್ತಿತ್ತು. ದಾರಿಯುದ್ದಕ್ಕೂ ಅದು ಉದುರಿಸಿದ ಜಾಗಗಳಿಗೆ ಹೆಸರು ಬಿದ್ದಿದೆ. ಸೊಂಟದ ಭಾಗ ಬಿದ್ದ ಕಡವು ಅತ್ಲೋನ್ ಪಟ್ಟಣ ಎಂದು ಕಥೆ ಹೇಳುತ್ತದೆ. ತನ್ನ ಸೀಮೆ ಮುಟ್ಟಿದ ಮೇಲೆ ಕಂದು ಹೋರಿಯೂ ಎದೆಯೊಡೆದು ಸತ್ತಿತು. ರಾಣಿಗೂ ಹೋರಿ ಇಲ್ಲ, ರಾಜನಿಗೂ ಇಲ್ಲ. ಲೆಕ್ಕ ಸರಿಸಮವಾಯಿತು.

ಪತ್ರಿಕೋದ್ಯಮ ಓದಿದವರಾಗಿ ನಮಗೆ ಹೆಚ್ಚು ಹತ್ತಿರವಾದವನು ಕೂಹುಲಿನ್ ಅಲ್ಲ, ಹೆಸರು ತಿಳಿಸದ ಒಬ್ಬ ಬರಹಗಾರ. ಈ ಕಥೆಗಳನ್ನೆಲ್ಲ ಕರುವಿನ ಚರ್ಮದ ಹಾಳೆಗಳ ಮೇಲೆ ಬರೆದಿಟ್ಟವರು ಕ್ರೈಸ್ತ ಮಠಗಳಲ್ಲಿ ಓದುಬರಹ ಕಲಿತವರು. ಆ ದೇವತೆಗಳು ಅವರ ದೇವರಲ್ಲ. 12ನೇ ಶತಮಾನದ ‘ಬುಕ್ ಆಫ್ ಲೆನ್‌ಸ್ಟರ್’ ಎಂಬ ಗ್ರಂಥದಲ್ಲಿ ಈ ಹೋರಿಯ ಕಥೆ ಮುಗಿದಮೇಲೆ ಎರಡು ಟಿಪ್ಪಣಿ ಇವೆ. ಮೊದಲನೆಯದು ಐರಿಷ್ ಭಾಷೆಯಲ್ಲಿ: ಇದನ್ನು ಏನೂ ಬದಲಿಸದೆ, ಹೀಗೆಯೇ ಬಾಯಿಪಾಠ ಮಾಡಿದವರಿಗೆ ಒಳ್ಳೆಯದಾಗಲಿ ಎಂದು. ಎರಡನೆಯದು ಲ್ಯಾಟಿನ್ನಿನಲ್ಲಿ: ಬರೆದವನು ನಾನೇ ಆದರೂ ಇದರಲ್ಲಿ ಎಷ್ಟನ್ನೋ ನಾನು ನಂಬುವುದಿಲ್ಲ, ಕೆಲವು ದೆವ್ವಗಳ ಮೋಸ, ಕೆಲವು ಕವಿಗಳ ಕಟ್ಟುಕಥೆ, ಕೆಲವು ದಡ್ಡರನ್ನು ರಂಜಿಸಲು ಇರುವಂಥವು ಎಂದು. ನಂಬದಿದ್ದರೂ ಪೂರ್ತಿ ಬರೆದ. ಅನುಮಾನವನ್ನು ಕಥೆಯೊಳಗೆ ತುರುಕದೆ ಕೊನೆಯಲ್ಲಿ ಬೇರೆಯಾಗಿ ಇಟ್ಟ. ಸುದ್ದಿ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ನಮ್ಮ ತರಗತಿಯಲ್ಲಿ ಸಿಕ್ಕಿದ್ದು ನೆನಪಿಲ್ಲ.

ಈ ಕಥೆ ಮರೆತುಹೋಗುವ ಭಯ ಐರಿಷರಿಗೆ ಹಿಂದಿನಿಂದಲೂ ಇತ್ತು. ಅದನ್ನೂ ಕಥೆ ಮಾಡಿದ್ದಾರೆ. ಒಂದು ಕಾಲದಲ್ಲಿ ಯಾವ ಕವಿಗೂ ತಾಯಿನ್ ಪೂರ್ತಿಯಾಗಿ ನೆನಪಿರಲಿಲ್ಲವಂತೆ. ಹುಡುಕಿಕೊಂಡು ಹೊರಟವರಲ್ಲಿ ಒಬ್ಬ, ಆ ಯುದ್ಧದಲ್ಲಿದ್ದ ಫರ್ಗಸ್ ಎಂಬ ವೀರನ ಸಮಾಧಿಯ ಮುಂದೆ ಕೂತು ಹಾಡಿದ. ಮಂಜು ಕವಿಯಿತು. ಮೂರು ಹಗಲು ಮೂರು ರಾತ್ರಿ ಸತ್ತವನೇ ಎದ್ದು ಬಂದು ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದ.

ನಿಜದಲ್ಲಿ ಸತ್ತವರು ಎದ್ದು ಬರುವುದಿಲ್ಲ. 1845ರಲ್ಲಿ ಆಲೂಗಡ್ಡೆಗೆ ರೋಗ ಬಿದ್ದು ಶುರುವಾದ ಬರದಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಅಷ್ಟೇ ಜನ ಊರು ಬಿಟ್ಟರು. ಐರಿಷ್ ಮಾತಾಡುತ್ತಿದ್ದ ಬಡ ಹಳ್ಳಿಗಳೇ ಹೆಚ್ಚು ಖಾಲಿಯಾದವು. ಆ ಶತಮಾನ ಮುಗಿಯುವ ಹೊತ್ತಿಗೆ ಕೆಲವು ಬರಹಗಾರರು ಹಳೆಯ ಕಥೆಗಳನ್ನು ಮತ್ತೆ ಎತ್ತಿಕೊಂಡರು. ಅವರಲ್ಲಿ ಬೆಲ್‌ಫಾಸ್ಟಿನ ಜೇಮ್ಸ್ ಕಸಿನ್ಸ್ ಒಬ್ಬರು. ದೇವಲೋಕದ ಹೆಣ್ಣಿನ ಹಿಂದೆ ಹೊರಟುಹೋದ ರಾಜಕುಮಾರನ ಹಳೆಯ ಕಥೆ ಹಿಡಿದು ಅವರು ಬರೆದ ನಾಟಕ 1902ರಲ್ಲಿ ಡಬ್ಲಿನ್‌ನಲ್ಲಿ ರಂಗಕ್ಕೆ ಬಂತು. 1915ರಲ್ಲಿ ಅವರು ಭಾರತಕ್ಕೆ ಬಂದರು. ಮುಂದೆ ಮೈಸೂರಿನಲ್ಲಿ ಒಬ್ಬ ಮಲೆನಾಡಿನ ವಿದ್ಯಾರ್ಥಿ ತನ್ನ ಇಂಗ್ಲಿಷ್ ಕವನಗಳನ್ನು ಅವರಿಗೆ ತೋರಿಸಿದಾಗ, ನಿನ್ನ ಭಾಷೆಯಲ್ಲಿ ಏನು ಬರೆದಿದ್ದೀಯ ಎಂದು ಕೇಳಿದವರು ಇದೇ ಕಸಿನ್ಸ್. ಆ ವಿದ್ಯಾರ್ಥಿ ಕುವೆಂಪು. ಈ ಪ್ರಸಂಗ ಶಾಲೆಯಲ್ಲಿ ನಾವೆಲ್ಲ ಓದಿದ್ದೇ. ಆ ಸಲಹೆಯ ಹಿಂದೆ ಸ್ವಂತ ಭಾಷೆ ಕಳೆದುಕೊಳ್ಳುತ್ತಿದ್ದ ಒಂದು ನಾಡು ಇತ್ತೆಂದು ನಮಗೆ ಹೊಳೆದದ್ದು ಈಗ.

ವೀರರನ್ನು ಎತ್ತಿಕೊಂಡವರು ಬರಹಗಾರರು ಮಾತ್ರವಲ್ಲ. ಕೂಹುಲಿನ್ ಸಾಯುವಾಗ ಬೀಳಬಾರದೆಂದು ತನ್ನನ್ನು ಕಲ್ಲುಕಂಬಕ್ಕೆ ಕಟ್ಟಿಕೊಂಡ. ಹೆಗಲ ಮೇಲೆ ಹಕ್ಕಿ ಬಂದು ಕೂತಾಗಲೇ ಶತ್ರುಗಳಿಗೆ ಅವನು ಸತ್ತದ್ದು ಗೊತ್ತಾದದ್ದು. ಆ ಮೂರ್ತಿ ಡಬ್ಲಿನ್ನಿನ ದೊಡ್ಡ ಅಂಚೆ ಕಚೇರಿಯಲ್ಲಿದೆ, ಬ್ರಿಟಿಷರ ವಿರುದ್ಧ 1916ರಲ್ಲಿ ಎದ್ದವರ ನೆನಪಿಗೆ. ಅತ್ತ ಬೆಲ್‌ಫಾಸ್ಟಿನಲ್ಲಿ ಬ್ರಿಟನ್ ಜೊತೆಗೇ ಇರಬೇಕು ಎನ್ನುವವರೂ ಗೋಡೆಗಳ ಮೇಲೆ ಅವನನ್ನೇ ಬರೆಸಿದರು, ಅಲ್ಸ್ಟರನ್ನು ಕಾದವನು ಎಂದು. ಎರಡು ಕಡೆಯವರಿಗೂ ಒಬ್ಬನೇ. ಮಾಖಾಳ ಮೂರ್ತಿಗಾಗಿ ಯಾರೂ ಹಾಗೆ ಜಗಳಾಡಿದ್ದು ನಾವು ಓದಿಲ್ಲ.

ಕೆರ್ರಿ ಪ್ರಾಂತ್ಯದ ಸಮುದ್ರದಂಚಿನ ಹಳ್ಳಿಯಲ್ಲಿ ಶಾನ್ ಓ ಕೊನಲ್ ಎಂಬ ರೈತ ಇದ್ದರು. ಮೀನೂ ಹಿಡಿಯುತ್ತಿದ್ದರು. ಓದು ಬರಹ ಬರುತ್ತಿರಲಿಲ್ಲ. ತಲೆಯಲ್ಲಿ ಮಾತ್ರ ಕಥೆಗಳ ಕಣಜ. ಕೇಳುವವರು ಕಡಿಮೆಯಾಗುತ್ತಾ ಬಂದಾಗ, ಮರೆತುಹೋದಾವೆಂದು ಹೆದರಿ ದನ ಮೇಯಿಸುವಾಗ ಕಲ್ಲುಗೋಡೆಗೆ ಕಥೆ ಹೇಳುತ್ತಿದ್ದರಂತೆ. ಸಂತೆಯಿಂದ ಬರುವಾಗ ಗಾಡಿಯ ಹಿಂದೆ ನಡೆಯುತ್ತಾ ಗಾಡಿಗೇ ಹೇಳುತ್ತಿದ್ದರಂತೆ, ಕೈ ಬಾಯಿ ತಿರುಗಿಸುತ್ತಾ. 1923ರಲ್ಲಿ ಶೇಮಸ್ ಓ ಡುಯಿಲರ್ಗಾ ಎಂಬ ಯುವಕ ಅವರ ಮನೆಗೆ ಹೋಗಿ ಬರೆದುಕೊಳ್ಳಲು ಶುರು ಮಾಡಿದ. ಅದೇ ಯುವಕ ಮುಂದೆ, 1935ರಲ್ಲಿ ಸರ್ಕಾರ ಜಾನಪದ ಆಯೋಗ ಮಾಡಿದಾಗ ಅದರ ಮುಖ್ಯಸ್ಥನಾದ.

ಆ ಆಯೋಗ 1937ರಲ್ಲಿ ಮಾಡಿದ ಕೆಲಸ ಸರಳವಾದದ್ದು. ಸುಮಾರು 5,000 ಪ್ರಾಥಮಿಕ ಶಾಲೆಗಳ ದೊಡ್ಡ ತರಗತಿಯ ಮಕ್ಕಳಿಗೆ, ಮನೆಗೆ ಹೋಗಿ ಅಜ್ಜ ಅಜ್ಜಿಯರನ್ನು ಕೇಳಿ ಬರೆದುಕೊಂಡು ಬನ್ನಿ ಅಂದರು. ಬೆಣ್ಣೆ ಕಡೆಯುವುದು, ದನದ ಆರೈಕೆ, ನಾಟಿ ಮದ್ದು, ಮಳೆಯ ಸೂಚನೆ, ಊರಿನ ವೀರರು, ಬರಗಾಲದ ನೆನಪು, ದೇವತೆಗಳು ಅಡಗಿರುವ ದಿಬ್ಬಗಳು. ಸುಮಾರು 7,40,000 ಪುಟಗಳಾದವು. ಈಗ ಅವನ್ನು ಫೋನಿನಲ್ಲೇ ನೋಡಬಹುದು. ಭಾಷೆ ತಿಳಿಯದಿದ್ದರೂ ಮಕ್ಕಳ ಕೈಬರಹ ನೋಡಲು ನಾವು ಆಗಾಗ ತೆರೆಯುತ್ತೇವೆ. ಎಷ್ಟೋ ಪುಟಗಳ ಕೊನೆಯಲ್ಲಿ ಹೇಳಿದವರ ಹೆಸರು, ಊರು, ಕೆಲವೊಮ್ಮೆ ವಯಸ್ಸೂ ಇದೆ.

ಡೇರಿ ಕಟ್ಟೆಯ ಅಜ್ಜಿ ಹೇಳಿದ್ದನ್ನು ಅವರು ಒಪ್ಪಿದ ಮೇಲೆ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದೇವೆ. 11 ನಿಮಿಷ ಇದೆ. ಹೆಸರಿನ ಜಾಗ ಖಾಲಿ ಬಿಟ್ಟಿದ್ದೇವೆ.